ಪಾಸ್‌ವರ್ಡ್ ಪೆಟ್ಟಿಗೆ: ರೊಕ್ಕ ಕೊಟ್ಟು ಕೊಳ್ಳಬೇಕೇ?



ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಸಂಘದ ಸಭೆಗಳಲ್ಲಿ ಹಿಂದೆಲ್ಲ ಉಳಿತಾಯ, ಸಾಲ, ಬಡ್ಡಿ, ಹೊಲಿಗೆ ಯಂತ್ರ, ಎಮ್ಮೆ ಇವೇ ಮಾತು. ಈಗ ಮನೆಮನೆಗೆ ಮೊಬೈಲ್ ಬಂದ ಮೇಲೆ ಬೇರೆ ಪ್ರಶ್ನೆಗಳೂ ಬರುತ್ತಿವೆ. "ಪುಣಾದಾಗ ಕೆಲಸ ಮಾಡೋ ಮಗ ಬಂದಿದ್ದ. ಪಾಸ್‌ವರ್ಡ್ ಎಲ್ಲಾ ಒಂದೇ ಕಡಿ ಇಡೋ ಆ್ಯಪ್ ಅದ ಅವ್ವಾ, ಹಾಕ್ಕೋ ಅಂದ. ವರ್ಷಾ ವರ್ಷಾ ರೊಕ್ಕ ಕಟ್ಟಬೇಕಂತ. ಕಟ್ಟಬೇಕೇನ್ರಿ ಸಿಸ್ಟರ್?" ಎಂದು ಕೇಳುವವರಿದ್ದಾರೆ.

ಮೊದಲೇ ಉತ್ತರ ಹೇಳಿಬಿಡುತ್ತೇವೆ. ನಿಮ್ಮಲ್ಲಿ ಹೆಚ್ಚಿನವರು ಕಟ್ಟಬೇಕಾಗಿಲ್ಲ. ಆದರೆ ಪಾಸ್‌ವರ್ಡುಗಳನ್ನು ಎಲ್ಲಿ ಇಡುತ್ತೀರಿ, ಅದರ ಕೀಲಿಕೈ ಯಾರ ಹತ್ತಿರ ಇದೆ ಎಂಬುದನ್ನು ಈ ವಾರವೇ ನೋಡಿಕೊಳ್ಳಬೇಕು. ಯಾಕೆಂದರೆ ಇವತ್ತು ನಿಮ್ಮ ಹೆಸರಿನ ಖಾತೆಗೆ ಬರುವ ಹಣ ಕಡಿಮೆಯೇನಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿ, ತೊಗರಿ ಮಾರಿದ ಹಣ, ಮಕ್ಕಳ ವಿದ್ಯಾರ್ಥಿವೇತನ, ಸಂಘದಿಂದ ಪಡೆದ ಸಾಲ ಎಲ್ಲವೂ ಖಾತೆಗೇ ಬರುತ್ತವೆ. ಖಾತೆ ನಿಮ್ಮದು. ಪಿನ್ ನಂಬರ್ ಮಾತ್ರ ಅಳಿಯನಿಗೆ, ಅಂಗಡಿಯವನಿಗೆ, ಪಕ್ಕದ ಮನೆಯ ಹುಡುಗನಿಗೆ ಗೊತ್ತು. ಹೀಗೆ ನಡೆದಿದೆಯೋ ಇಲ್ಲವೋ ನೀವೇ ಹೇಳ್ರಿ.

ಈ ಪೆಟ್ಟಿಗೆ ಅಂದರೆ ಏನು?

ನಮ್ಮ ಸಂಘಗಳಲ್ಲಿ ಕಬ್ಬಿಣದ ಹಣದ ಪೆಟ್ಟಿಗೆ ಇಡುತ್ತಿದ್ದುದು ಹಳೆಯ ಸದಸ್ಯೆಯರಿಗೆ ನೆನಪಿರಬಹುದು. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಕೀಲಿಕೈ ಇನ್ನೊಬ್ಬರ ಹತ್ತಿರ. ಒಳಗೆ ಹಣ, ಪಾಸ್‌ಬುಕ್, ಠರಾವು ಪುಸ್ತಕ ಎಲ್ಲ ಇರುತ್ತಿದ್ದವು. ಪಾಸ್‌ವರ್ಡ್ ಮ್ಯಾನೇಜರ್ ಎನ್ನುವುದು ಅಂಥದೇ ಒಂದು ಪೆಟ್ಟಿಗೆ. ಮೊಬೈಲ್‌ನಲ್ಲಿ ಅಥವಾ ಕಂಪ್ಯೂಟರ್‌ನಲ್ಲಿ ಇರುತ್ತದೆ. ಜಿ-ಮೇಲ್, ಮಕ್ಕಳ ವಿದ್ಯಾರ್ಥಿವೇತನದ ಪೋರ್ಟಲ್, ಸೇವಾ ಸಿಂಧು, ಫೇಸ್‌ಬುಕ್ ಹೀಗೆ ಒಂದೊಂದಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಮಾಡಿ ಅದರೊಳಗೆ ಇಡಬಹುದು. ನೀವು ನೆನಪಿಡಬೇಕಾದದ್ದು ಒಂದೇ, ಪೆಟ್ಟಿಗೆ ತೆರೆಯುವ ಮುಖ್ಯ ಪಾಸ್‌ವರ್ಡ್. ಉಳಿದದ್ದನ್ನು ಅದೇ ನೆನಪಿಟ್ಟು, ಬೇಕಾದಾಗ ತಾನೇ ತುಂಬುತ್ತದೆ.

ಇದರಿಂದ ಲಾಭ ಎರಡು. ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಡುವ ಚಟ ತಪ್ಪುತ್ತದೆ. ಒಂದು ಕಡೆ ಕಳವಾದರೆ ಕಳ್ಳರು ಅದನ್ನೇ ಹತ್ತು ಕಡೆ ಹಾಕಿ ನೋಡುತ್ತಾರೆ, ಅದು ಅವರ ಮೊದಲ ಕೆಲಸ. ಎರಡನೆಯ ಲಾಭವನ್ನು ಬಹಳ ಮಂದಿ ಹೇಳುವುದೇ ಇಲ್ಲ. ಈ ಪೆಟ್ಟಿಗೆ ವಿಳಾಸ ನೋಡಿ ಪಾಸ್‌ವರ್ಡ್ ತುಂಬುತ್ತದೆ. ವಾಟ್ಸಾಪ್‌ನಲ್ಲಿ "ಗೃಹಲಕ್ಷ್ಮಿ ಹಣ ನಿಂತಿದೆ, ಇಲ್ಲಿ ಒತ್ತಿ" ಎಂದು ಬಂದ ಸುಳ್ಳು ಲಿಂಕ್ ಒತ್ತಿದರೆ, ತೆರೆಯುವ ಪುಟ ನಮ್ಮ ಕಣ್ಣಿಗೆ ಸರ್ಕಾರದ್ದೇ ಅನ್ನಿಸುತ್ತದೆ. ಪೆಟ್ಟಿಗೆಗೆ ಹಾಗೆ ಅನ್ನಿಸುವುದಿಲ್ಲ. ವಿಳಾಸದಲ್ಲಿ ಒಂದಕ್ಷರ ಬೇರೆ ಇದ್ದರೂ ಅದು ಪಾಸ್‌ವರ್ಡ್ ತುಂಬುವುದಿಲ್ಲ. ತಾನಾಗಿ ತುಂಬಲಿಲ್ಲ ಅಂದರೆ ಅಲ್ಲೇ ನಿಲ್ಲಬೇಕು. ನೀವೇ ಕೈಯಿಂದ ಬರೆಯಲು ಹೋಗಬ್ಯಾಡ್ರಿ.

ಎಟಿಎಂ ಪಿನ್, ಯುಪಿಐ ಪಿನ್‌ಗಳ ವಿಷಯ ಬೇರೆ. ಅವು ನಾಲ್ಕು ಅಥವಾ ಆರು ಅಂಕಿ ಮಾತ್ರ, ಅವನ್ನು ತಲೆಯಲ್ಲಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಹುಟ್ಟಿದ ವರ್ಷ, 1234, ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಇಡಬೇಡಿ. ಎರಡಕ್ಕೂ ಒಂದೇ ಸಂಖ್ಯೆ ಬೇಡ. ಯುಪಿಐ ಪಿನ್ ಒತ್ತುವುದು ಹಣ ಕೊಡುವುದಕ್ಕೆ, ಇಲ್ಲವೇ ಖಾತೆಯಲ್ಲಿ ಎಷ್ಟಿದೆ ಎಂದು ನೋಡುವುದಕ್ಕೆ. ಹಣ ಬರುವುದಕ್ಕೆ ಪಿನ್ ಬೇಕಿಲ್ಲ. "ನಿಮಗೆ ಹಣ ಬಂದಿದೆ, ಪಿನ್ ಹಾಕಿ" ಎಂದವನು ಕಳ್ಳನೇ.

ಪುಕ್ಕಟೆ ಪೆಟ್ಟಿಗೆ ನಿಮ್ಮ ಫೋನಿನಲ್ಲೇ ಇದೆ

ಆಂಡ್ರಾಯ್ಡ್ ಫೋನ್ ಇದ್ದವರಿಗೆ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್ ಎಂಬ ಪೆಟ್ಟಿಗೆ ಫೋನಿನ ಜೊತೆಗೇ ಬಂದಿರುತ್ತದೆ. ಇದಕ್ಕೆ ಒಂದು ಪೈಸೆಯೂ ಇಲ್ಲ. ಯಾವುದಾದರೂ ಪಾಸ್‌ವರ್ಡ್ ಹಾಕಿದಾಗ "ಸೇವ್ ಮಾಡಲೇ?" ಎಂದು ಫೋನ್ ಕೇಳುತ್ತದಲ್ಲ, ಅದು ಇದೇ. ಐಫೋನ್‌ನಲ್ಲೂ ಇಂಥದು ಪುಕ್ಕಟೆ ಇದೆ. ಬೇರೆ ಕಂಪನಿಯದು ಬೇಕು ಅಂದರೆ ಬಿಟ್‌ವಾರ್ಡನ್ ಎಂಬುದು ಪುಕ್ಕಟೆಯಾಗಿಯೂ ಸಿಗುತ್ತದೆ. ಕಂಪ್ಯೂಟರ್ ಇದ್ದ ಕಚೇರಿಗಳಿಗೆ ಕೀಪಾಸ್ ಎಂಬ ಹಳೆಯ ಪುಕ್ಕಟೆ ಪ್ರೋಗ್ರಾಮ್ ಇದೆ. ಅದು ಪೆಟ್ಟಿಗೆಯನ್ನು ಇಂಟರ್‌ನೆಟ್‌ಗೆ ಕಳಿಸದೆ ನಿಮ್ಮ ಕಂಪ್ಯೂಟರ್‌ನಲ್ಲೇ ಇಡುತ್ತದೆ. ಆದರೆ ಆ ಕಂಪ್ಯೂಟರ್ ಕೆಟ್ಟರೆ, ನಕಲು ಇಟ್ಟಿರದಿದ್ದರೆ, ಪೆಟ್ಟಿಗೆಯೂ ಹೋಯಿತು.

ಇಲ್ಲಿ ಒಂದು ಮುಖ್ಯ ಮಾತು, ದಯವಿಟ್ಟು ಗಮನವಿಟ್ಟು ಓದಿರಿ. ಗೂಗಲ್ ಪೆಟ್ಟಿಗೆಯ ಮಾಲೀಕರು ಯಾರು? ಫೋನಿನಲ್ಲಿ ಯಾರ ಜಿ-ಮೇಲ್ ಇದೆಯೋ ಅವರು. ನಮ್ಮ ಕಡೆ ಫೋನ್ ಕೊಂಡಾಗ ಜಿ-ಮೇಲ್ ಮಾಡಿಕೊಡುವವರು ಮೊಬೈಲ್ ಅಂಗಡಿಯ ಹುಡುಗರು, ಇಲ್ಲವೇ ಮಗ, ಮೈದುನ. ಕೆಲವರು ತಮ್ಮದೇ ಜಿ-ಮೇಲ್ ಹಾಕಿ ಕೊಟ್ಟುಬಿಡುತ್ತಾರೆ. ಆಗ ನೀವು ಸೇವ್ ಮಾಡಿದ ಪಾಸ್‌ವರ್ಡ್ ಅವರ ಪೆಟ್ಟಿಗೆಗೆ ಹೋಗಿ ಬೀಳುತ್ತದೆ. ಪ್ಲೇ ಸ್ಟೋರ್ ತೆರೆದು ಮೇಲೆ ಬಲಗಡೆಯ ಗುಂಡು ಚಿತ್ರ ಒತ್ತಿ ನೋಡಿ. ಯಾರ ಹೆಸರು ಕಾಣುತ್ತದೆ? ನಿಮ್ಮದಲ್ಲದಿದ್ದರೆ ನಿಮ್ಮ ಹೆಸರಿನಲ್ಲಿ ಹೊಸ ಜಿ-ಮೇಲ್ ಮಾಡಿಸಿಕೊಂಡು, ಅದರ ಪಾಸ್‌ವರ್ಡನ್ನು ನೀವೇ ಒತ್ತಿರಿ. ಓದು ಬರಹ ಕಡಿಮೆ ಇದ್ದವರು ಹೈಸ್ಕೂಲಿಗೆ ಹೋಗುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. ಅಂಗಡಿಯಲ್ಲಿ ಮಾತ್ರ ಬೇಡ.

ಮುಖ್ಯ ಪಾಸ್‌ವರ್ಡ್ ಉದ್ದವಾಗಿರಬೇಕು. ಚಿಹ್ನೆ ಅಂಕಿ ಸೇರಿಸಿ ತಲೆ ಕೆಡಿಸಿಕೊಳ್ಳುವುದಕ್ಕಿಂತ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಮಾತು ಸೇರಿಸುವುದು ಒಳ್ಳೆಯದು. ಮೊರ, ತೊಗರಿ, ಬಸ್ಸು, ಕಂಬಳಿ ಎನ್ನುವ ಹಾಗೆ. ಇದನ್ನೇ ಇಡಬ್ಯಾಡ್ರಿ ಮತ್ತ, ಕರಪತ್ರ ಎಲ್ಲರೂ ಓದುತ್ತಾರೆ! ಗಾದೆ, ಹಾಡಿನ ಸಾಲು, ದೇವರ ಹೆಸರು, ಮಕ್ಕಳ ಹೆಸರು ಬೇಡ, ಊಹೆ ಮಾಡುವುದು ಸುಲಭ. ಉದ್ದ ಯಾಕೆ ಬೇಕು ಎಂಬುದಕ್ಕೆ 2022ರ ಒಂದು ಘಟನೆ ಇದೆ. ಲಾಸ್ಟ್‌ಪಾಸ್ ಎಂಬ ಹೆಸರಾಂತ ವಿದೇಶಿ ಪಾಸ್‌ವರ್ಡ್ ಕಂಪನಿಯಿಂದ ಕಳ್ಳರು ಗ್ರಾಹಕರ ಪೆಟ್ಟಿಗೆಗಳ ನಕಲನ್ನೇ ಕದ್ದೊಯ್ದರು. ಪೆಟ್ಟಿಗೆಗಳಲ್ಲಿದ್ದ ಪಾಸ್‌ವರ್ಡುಗಳಿಗೆ ಕೀಲಿ ಇತ್ತು, ನಿಜ. ಆದರೆ ಮುಖ್ಯ ಪಾಸ್‌ವರ್ಡ್ ಚಿಕ್ಕದಿದ್ದರೆ ಕಳ್ಳರು ಸಾವಕಾಶ ಕುಳಿತು ಒಂದೊಂದೇ ಊಹೆ ಹಾಕಿ ತೆರೆಯಬಹುದು. ಉದ್ದವಾಗಿದ್ದರೆ ಅದು ಆಗದ ಕೆಲಸ. ಆ ಗ್ರಾಹಕರಲ್ಲಿ ಎಷ್ಟೋ ಮಂದಿ ಹಣ ಕಟ್ಟಿದವರೇ ಆಗಿದ್ದರು. ಹಣ ಕಟ್ಟಿದ ಮಾತ್ರಕ್ಕೆ ಭದ್ರ ಎಂದು ತಿಳಿಯಬಾರದು.

ಮುಖ್ಯ ಪಾಸ್‌ವರ್ಡ್ ಮರೆತರೆ? ಬಿಟ್‌ವಾರ್ಡನ್‌ನಂಥ ಕಂಪನಿಗಳಿಗೆ ನಿಮ್ಮ ಮುಖ್ಯ ಪಾಸ್‌ವರ್ಡ್ ಗೊತ್ತಿರುವುದಿಲ್ಲ, ಅವರು ತೆರೆದುಕೊಡಲಾರರು. ಆದ್ದರಿಂದ ಅದೊಂದನ್ನು ಕಾಗದದ ಮೇಲೆ ಬರೆದು ಇಡಿ. ಬರೆಯಲೇಬಾರದು ಎಂದು ಕೆಲವರು ಹೆದರಿಸುತ್ತಾರೆ. ನಾವು ಹಾಗೆ ಹೇಳುವುದಿಲ್ಲ. ದೂರದೇಶದ ಕಳ್ಳ ನಿಮ್ಮ ಟ್ರಂಕಿನೊಳಗೆ ಕೈ ಹಾಕಲಾರ. ಬಂಗಾರ, ಜಮೀನಿನ ಪಹಣಿ ಎಲ್ಲಿ ಇಡುತ್ತೀರೋ ಅಲ್ಲಿ ಇಡಿ. ದೇವರ ಫೋಟೋ ಹಿಂದೆ ಬೇಡ, ಅದು ಮನೆಯವರಿಗೆಲ್ಲ ಗೊತ್ತಿರುವ ಜಾಗ. ಫೋನಿನ ಕವರಿನೊಳಗೆ, ಎಟಿಎಂ ಕಾರ್ಡಿನ ಹಿಂದೆ ಬರೆಯುವುದಂತೂ ಬೇಡವೇ ಬೇಡ.

ಹಾಗಾದರೆ ರೊಕ್ಕ ಯಾರು ಕೊಡಬೇಕು?

ಹಣ ಕಟ್ಟುವ ಪೆಟ್ಟಿಗೆಗಳಲ್ಲಿ ಹೆಚ್ಚಿಗೆ ಸಿಗುವುದೇನು ಎಂದರೆ ನಾಲ್ಕಾರು ಜನ ಒಂದೇ ಪಾಸ್‌ವರ್ಡನ್ನು ಹಂಚಿಕೊಂಡು ಬಳಸುವ ಸೌಲಭ್ಯ, ಒಬ್ಬರಿಗೆ ಏನಾದರೂ ಆದರೆ ನಂಬಿದ ಇನ್ನೊಬ್ಬರು ತೆರೆಯುವ ಸೌಲಭ್ಯ, ಕಾಗದಪತ್ರ ಇಡಲು ಜಾಗ. ಇವು ಮನೆಯ ಬಳಕೆಗೆ ಬೇಕಿಲ್ಲ. ಒಕ್ಕೂಟದ ಕಚೇರಿಗೆ ಬೇಕಾಗಬಹುದು. ಒಕ್ಕೂಟದ ಈ-ಮೇಲ್, ಮಾರಾಟದ ಖಾತೆ, ಇಲಾಖೆಯ ಪೋರ್ಟಲ್ ಇವುಗಳ ಪಾಸ್‌ವರ್ಡ್ ಒಬ್ಬ ಪುಸ್ತಕ ಬರಹಗಾರ್ತಿಯ ಹತ್ತಿರ ಮಾತ್ರ ಇರುತ್ತದೆ. ಆಕೆ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದರೆ ಲೆಕ್ಕವೇ ನಿಂತುಹೋಗುತ್ತದೆ. ಇಂಥಲ್ಲಿ ಹಣ ಕೊಟ್ಟು ಕೊಳ್ಳುವುದು ತಪ್ಪಲ್ಲ. ಆದರೆ ಮೊದಲು ಪುಕ್ಕಟೆಯದರಲ್ಲಿ ಆಗುತ್ತದೆಯೇ ನೋಡಿ. ಆಗುವುದಿಲ್ಲ ಅಂದರೆ ಸಭೆಯಲ್ಲಿ ಠರಾವು ಬರೆದು, ಯಾರ ಹೆಸರಿನಲ್ಲಿ ತೆಗೆದುಕೊಳ್ಳುತ್ತೇವೆ, ವರ್ಷಕ್ಕೆ ಎಷ್ಟು ಎಂದು ನಮೂದಿಸಿ, ಖರ್ಚಿಗೆ ರಸೀದಿ ಇಡಿ. ಬೆಲೆ ಕೆಲವರದು ಡಾಲರ್ ಲೆಕ್ಕದಲ್ಲಿ ಇರುತ್ತದೆ, ತಿಂಗಳ ಲೆಕ್ಕ ಚಿಕ್ಕದಾಗಿ ಕಂಡು ವರ್ಷದ್ದು ದೊಡ್ಡದಾಗುತ್ತದೆ. ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಮುಂದಿನ ವರ್ಷ ಹಣ ಕಟ್ಟದಿದ್ದರೆ ಒಳಗಿರುವ ಪಾಸ್‌ವರ್ಡುಗಳನ್ನು ಹೊರಗೆ ತೆಗೆದುಕೊಳ್ಳಲು ಬಿಡುತ್ತಾರೋ ಇಲ್ಲವೋ?

ಕಟ್ಟುವ ರೀತಿಯಲ್ಲೂ ಒಂದು ಗುಂಡಿ ಇದೆ. "ಏಳು ದಿನ ಪುಕ್ಕಟೆ" ಎಂದು ತೋರಿಸಿ ಆಟೋಪೇ ಮಾಡಿಸಿಕೊಳ್ಳುತ್ತಾರೆ. ಒಮ್ಮೆ ಪಿನ್ ಒತ್ತಿದರೆ ಆಯಿತು, ಆಮೇಲೆ ಪ್ರತಿ ಸಲವೂ ನಿಮ್ಮನ್ನು ಕೇಳದೆ ಹಣ ಕಡಿತವಾಗುತ್ತದೆ. ಇಂಥ ಕಡಿತಕ್ಕೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್‌ನಿಂದ ಕಟ್ಟುನಿಟ್ಟು ಮಾಡಿ, 24 ಗಂಟೆ ಮೊದಲು ಸಂದೇಶ ಬರಬೇಕು ಎಂದಿತು. 2022ರಲ್ಲಿ, 15,000 ರೂಪಾಯಿವರೆಗೆ ಮತ್ತೆ ಒಟಿಪಿ ಕೇಳದೆ ಕಡಿತ ಮಾಡಬಹುದು ಎಂದೂ ಮಾಡಿತು. ಆ ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ, ಯಾರು ಓದುತ್ತಾರೆ? ಗೃಹಲಕ್ಷ್ಮಿ ಹಣ ಬಂದ ದಿನವೇ ಕಡಿತವಾದರೆ ಕಿರಾಣಿಗೆ ಏನು ಮಾಡುವುದು? ಆ್ಯಪನ್ನು ಫೋನಿನಿಂದ ತೆಗೆದುಹಾಕಿದರೆ ಕಡಿತ ನಿಂತಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ಇಲ್ರಿ, ನಿಲ್ಲುವುದಿಲ್ಲ. ಫೋನ್‌ಪೇ ಅಥವಾ ಗೂಗಲ್ ಪೇ ಒಳಗೆ ಆಟೋಪೇ ಎಂಬ ಜಾಗಕ್ಕೆ ಹೋಗಿ ಅಲ್ಲಿ ರದ್ದು ಮಾಡಬೇಕು. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಶನ್ ಜಾಗದಲ್ಲಿ ರದ್ದು ಮಾಡಬೇಕು. ಈ ಕರಪತ್ರ ಕೆಳಗಿಟ್ಟು ಈಗಲೇ ಒಮ್ಮೆ ನೋಡಿ, ಮಕ್ಕಳು ಆಟದ ಆ್ಯಪ್‌ಗೆ ಮಾಡಿಸಿಟ್ಟ ಆಟೋಪೇ ಇದ್ದರೂ ಇರಬಹುದು.

ಪೆಟ್ಟಿಗೆ ಕಾಯದ ಬಾಗಿಲುಗಳು

ಎಷ್ಟೇ ಒಳ್ಳೆಯ ಪೆಟ್ಟಿಗೆ ಇದ್ದರೂ ಕೆಲವು ಬಾಗಿಲು ಅದರ ಕೈಯಲ್ಲಿಲ್ಲ. ಮೊದಲನೆಯದು ನಿಮ್ಮ ಮೊಬೈಲ್ ನಂಬರ್ ಮತ್ತು ಅದಕ್ಕೆ ಬರುವ ಒಟಿಪಿ. "ಪಾಸ್‌ವರ್ಡ್ ಮರೆತಿದ್ದೇನೆ" ಎಂದು ಒತ್ತಿದರೆ ಬಹಳ ಕಡೆ ಒಟಿಪಿಯಿಂದಲೇ ಬಾಗಿಲು ತೆರೆಯುತ್ತದೆ. ಅಫಜಲಪುರ, ಜೇವರ್ಗಿ ಕಡೆಯಿಂದ ದುಡಿಯಲು ಮುಂಬೈ, ಪುಣಾಕ್ಕೆ ಹೋಗುವ ಕುಟುಂಬಗಳು ಅಲ್ಲಿ ಹೊಸ ಸಿಮ್ ತೆಗೆದುಕೊಂಡು ಊರಿನ ಸಿಮ್ಮನ್ನು ಬಿಟ್ಟುಬಿಡುತ್ತಾರೆ. ತಿಂಗಳುಗಟ್ಟಲೆ ಬಳಸದ ನಂಬರನ್ನು ಕಂಪನಿ ಬಂದ್ ಮಾಡಿ ಮುಂದೆ ಬೇರೆಯವರಿಗೆ ಕೊಡುತ್ತದೆ. ಬ್ಯಾಂಕಿನಲ್ಲಿ ಮಾತ್ರ ಅದೇ ಹಳೆಯ ನಂಬರ್! ನಂಬರ್ ಬದಲಾದರೆ ಮೊದಲು ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ ಬದಲಿಸಿ, ಆಮೇಲೆ ಆಧಾರ್‌ನಲ್ಲಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಕೇಂದ್ರ ಸರ್ಕಾರದ ಸಂಚಾರ್ ಸಾಥಿಯಲ್ಲಿ ನೋಡಬಹುದು, ನಿಮ್ಮದಲ್ಲದ್ದನ್ನು ಅಲ್ಲೇ ತಿಳಿಸಬಹುದು.

ಇದು ಹಣದ ಮಾತು ಮಾತ್ರ ಅಲ್ಲ. ನಮ್ಮ ಆಳಂದದಲ್ಲೇ ನಡೆದದ್ದನ್ನು ನೆನಪಿಸಿಕೊಳ್ಳಿ. 2023ರ ವಿಧಾನಸಭೆ ಚುನಾವಣೆಗೆ ಮೊದಲು ಮತದಾರರ ಪಟ್ಟಿಯಿಂದ ಹೆಸರು ತೆಗೆಯಬೇಕೆಂದು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದವು. ಅಧಿಕಾರಿಗಳು ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ, ಉಳಿದ 5,994 ತಿರಸ್ಕಾರವಾದವು. ಅರ್ಜಿ ಹಾಕಿದವರು ಎಂದು ಯಾರ ಹೆಸರಿತ್ತೋ ಅವರಲ್ಲೇ ಹಲವರು "ನಮಗೆ ಗೊತ್ತೇ ಇಲ್ಲ" ಎಂದರು. ಅದೇ ಫೆಬ್ರವರಿಯಲ್ಲಿ ಆಳಂದ ಠಾಣೆಯಲ್ಲಿ ಪ್ರಕರಣ ದಾಖಲಾಯಿತು, 2025ರಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಅದರ ರಾಜಕೀಯ ನಮಗೆ ಬೇಡ. ನಮಗೆ ಬೇಕಾದದ್ದು ಇಷ್ಟೇ: ನಮ್ಮ ಹೆಸರಿನಲ್ಲಿ, ಯಾವುದೋ ಮೊಬೈಲ್ ನಂಬರಿನಿಂದ, ನಮಗೆ ತಿಳಿಯದೆ ಅರ್ಜಿ ಹೋಗಬಹುದು. ಒಟಿಪಿ ಕೇಳಿದವರಿಗೆ "ಯಾವುದಕ್ಕೆ?" ಎಂದು ಕೇಳಿ, ಸಂದೇಶವನ್ನು ಪೂರ್ತಿ ಓದಿಸಿಕೊಂಡ ಮೇಲೆಯೇ ಕೊಡುವ ರೂಢಿ ಮಾಡಿಕೊಳ್ಳಿ. ಗ್ರಾಮ ಒನ್‌ನಲ್ಲಾಗಲಿ ಸೈಬರ್ ಅಂಗಡಿಯಲ್ಲಾಗಲಿ ಎದುರಿಗೆ ಕುಳಿತಾಗ ಕೊಡಬೇಕಾಗುತ್ತದೆ, ಅದು ಬೇರೆ. ಫೋನಿನಲ್ಲಿ ಕೇಳಿದವರಿಗೆ ಯಾರಿಗೂ ಇಲ್ಲ. ಸೈಬರ್ ಅಂಗಡಿಯ ಕಂಪ್ಯೂಟರ್ "ಸೇವ್ ಮಾಡಲೇ?" ಎಂದಾಗ ಬೇಡ ಎನ್ನಿ, ಏಳುವ ಮೊದಲು ಲಾಗ್ ಔಟ್ ಮಾಡಿಸಿ.

ಫೋನಿನಲ್ಲಿ ಕೇಳುವವರು ಈಗ ಬ್ಯಾಂಕಿನ ಹೆಸರನ್ನೂ ಹಿಡಿದು ಬರುತ್ತಾರೆ. ನಮ್ಮ ಗ್ರಾಮೀಣ ಬ್ಯಾಂಕಿನ ಹೆಸರು ಎಷ್ಟು ಸಲ ಬದಲಾಗಿದೆ ನೋಡ್ರಿ. ಕೃಷ್ಣಾ ಗ್ರಾಮೀಣ ಬ್ಯಾಂಕ್ ಇದ್ದದ್ದು ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು, 2025ರ ಮೇ 1ರಂದು ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಂದಿಗೆ ಒಂದಾಯಿತು. "ಬ್ಯಾಂಕ್ ವಿಲೀನ ಆಗಿದೆ, ಖಾತೆ ಬಂದ್ ಆಗ್ತದೆ, ಕೆವೈಸಿ ಮಾಡಬೇಕು, ನಂಬರ್ ಹೇಳಿ" ಎಂದರೆ ನಿಜವೇ ಅನ್ನಿಸುತ್ತದೆ. ಫೋನ್ ಇಟ್ಟುಬಿಡಿ. ಕೆವೈಸಿ ಬೇಕಿದ್ದರೆ ಶಾಖೆಗೇ ಹೋಗಿ ಕೇಳೋಣ.

ಇನ್ನೊಂದು ಬಾಗಿಲು ಹೆಬ್ಬೆರಳು. ಆಧಾರ್ ಮೂಲಕ ಹಣ ತೆಗೆಯುವಾಗ ಹೆಬ್ಬೆರಳೇ ಪಾಸ್‌ವರ್ಡ್. ಪಾಸ್‌ವರ್ಡ್ ಕಳವಾದರೆ ಬದಲಿಸಬಹುದು, ಬೆರಳು ಬದಲಿಸಲು ಬರುವುದಿಲ್ಲ. ಆದರೆ ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚನ್ನು ಲಾಕ್ ಮಾಡಿ, ಬೇಕಾದಾಗ ತೆರೆಯಲು ಬರುತ್ತದೆ. ಲಾಕ್ ಮಾಡಿದರೆ ರೇಷನ್ ಅಂಗಡಿಯಲ್ಲೂ ಬೆರಳು ಓಡುವುದಿಲ್ಲ, ಹೋಗುವ ಮೊದಲು ತೆರೆಯಬೇಕು. ಇದು ಗೊತ್ತಿಲ್ಲದೆ ಲಾಕ್ ಮಾಡಿ ಅಕ್ಕಿಗೆ ಅಲೆದಾಡಬ್ಯಾಡ್ರಿ. ಬೆರಳು ಒತ್ತಿದಾಗಲೆಲ್ಲ ಚೀಟಿ ಕೇಳಿ. "ಸರಿಯಾಗಿ ಬರಲಿಲ್ಲ, ಮತ್ತೊಮ್ಮೆ ಒತ್ತಿ" ಎಂದರೆ ಮೊದಲ ಸಲ ಹಣ ಹೋಗಿದೆಯೋ ಎಂದು ಸಂದೇಶ ನೋಡಿ, ಆಮೇಲೆ ಒತ್ತಿ.

ಕೆಲವು ಕಡೆ ಸಾಲ ಕೊಟ್ಟವರು ಎಟಿಎಂ ಕಾರ್ಡು, ಪಿನ್ ಎರಡನ್ನೂ ಒತ್ತೆ ಇಟ್ಟುಕೊಳ್ಳುತ್ತಾರೆ ಎಂದು ಸದಸ್ಯೆಯರು ಹೇಳುತ್ತಾರೆ. ಇದಕ್ಕೆ ಒಪ್ಪಲೇಬಾರದು. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಮನೆಗೆ ಕೊಡುವ ಮೈಕ್ರೋಫೈನಾನ್ಸ್ ಸಾಲ ಒತ್ತೆ ಇಲ್ಲದ ಸಾಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ಪಿನ್ ಕೊಟ್ಟವರ ಕಷ್ಟ ಇನ್ನೂ ಒಂದಿದೆ. ಗ್ರಾಹಕರೇ ಪಿನ್ ಅಥವಾ ಪಾಸ್‌ವರ್ಡ್ ಬೇರೆಯವರಿಗೆ ಕೊಟ್ಟು ಹಣ ಹೋದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದೇ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿತು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ಹೊಣೆ. ಹಾಗಾಗಿ ಹಣ ಹೋದದ್ದು ಗೊತ್ತಾದ ಕೂಡಲೇ, ಗಂಡ ಬೈಯುತ್ತಾನೆ, ಮಂದಿ ನಗುತ್ತಾರೆ ಎಂದು ಮುಚ್ಚಿಡದೆ, 1930ಕ್ಕೆ ಫೋನ್ ಮಾಡಿ. ಅದು ಸೈಬರ್ ಮೋಸದ ದೂರಿನ ನಂಬರ್. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿ ಕೈ ತಪ್ಪುತ್ತದೆ. ನಂತರ ಬ್ಯಾಂಕಿಗೆ ಹೋಗಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ಮುಂದಿನ ತಿಂಗಳ ಸಭೆಗೆ ಬರುವಾಗ ಫೋನ್, ಚಾರ್ಜ್ ಮಾಡಿಕೊಂಡು, ತನ್ನಿ. ಯಾರ ಜಿ-ಮೇಲ್ ಇದೆ, ಆಟೋಪೇ ಏನೇನಿದೆ ಎಂದು ಎಲ್ಲರೂ ಕೂಡಿ ನೋಡೋಣ. ಸಂಘದ ಪಾಸ್‌ವರ್ಡುಗಳನ್ನು ಒಂದು ಹಾಳೆಯಲ್ಲಿ ಬರೆದು ಲಕೋಟೆಯಲ್ಲಿ ಹಾಕಿ, ಅಂಟಿನ ಮೇಲೆ ಇಬ್ಬರು ಪ್ರತಿನಿಧಿಗಳು ಸಹಿ ಮಾಡಿ, ಹಳೆಯ ಹಣದ ಪೆಟ್ಟಿಗೆಯಲ್ಲೇ ಇಡಬಹುದು. ಪ್ರತಿನಿಧಿಗಳು ಬದಲಾದಾಗ ಪಾಸ್‌ವರ್ಡೂ ಬದಲಾಗಬೇಕು, ಅದನ್ನು ಠರಾವಿನಲ್ಲಿ ಬರೆಯಿರಿ. ಆದರೆ ಸಭೆಯಲ್ಲಿ ನಿಮ್ಮ ಸ್ವಂತ ಪಿನ್ ಯಾರಿಗೂ ಹೇಳಬ್ಯಾಡ್ರಿ. ನಮ್ಮ ಕಾರ್ಯಕರ್ತೆಯರು ಕೇಳಿದರೂ ಹೇಳಬ್ಯಾಡ್ರಿ, ಅವರು ಕೇಳಬಾರದು.